ಒಬ್ಬರೇ ಹೋದರೆ ಇಬ್ಬರ ದುಡ್ಡು ಯಾಕೆ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪ್ರವಾಸ ಪುಟದಲ್ಲಿ ಮುಂಬೈ–ಗೋವಾ ಕ್ರೂಸ್ (ಹಡಗಿನ ಪ್ರವಾಸ) ಬಗ್ಗೆ ಬಂದ ಬರಹ ಓದಿದೆ. ಹೊಸದಾಗಿ ಮದುವೆಯಾದವರು, ಮಕ್ಕಳಿರುವವರು, ಗೆಳೆಯರ ಗುಂಪು, ಎಲ್ಲರಿಗೂ ಅದರಲ್ಲಿ ಸಲಹೆ ಇತ್ತು. ಒಬ್ಬರೇ ಹೋಗುವವರ ಮಾತೇ ಇರಲಿಲ್ಲ. ಐವತ್ತು ದಾಟಿದ, ಮದುವೆಯಾಗದ, ಮುಂಬೈ ಪಕ್ಕದ ಡೊಂಬಿವಲಿಯಿಂದ ದಿನಾ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವ ನನ್ನಂಥವರು ಈ ಊರಲ್ಲಿ ಕಮ್ಮಿ ಏನಿಲ್ಲ. ಗಂಡ ತೀರಿಕೊಂಡವರಿದ್ದಾರೆ, ಮಕ್ಕಳೆಲ್ಲ ಹೊರದೇಶದಲ್ಲಿರುವವರಿದ್ದಾರೆ, ಮನೆಯವರಿಗೆ ತಿರುಗಾಟವೇ ಆಗಿಬರದವರೂ ಇದ್ದಾರೆ. ನಮ್ಮ ಕೈಯಲ್ಲೂ ದುಡಿದ ದುಡ್ಡಿದೆ, ಸಮುದ್ರ ನೋಡುವ ಆಸೆಯೂ ಇದೆ.

ಕಳೆದ ಚಳಿಗಾಲದಲ್ಲಿ ನಾನು ಒಬ್ಬಳೇ ಹೋಗಿ ಬಂದೆ. ಜಾಹೀರಾತಿನ ದರ ನೋಡಿ ಬುಕ್ ಮಾಡಲು ಕೂತರೆ ಕೊನೆಗೆ ಬಂದ ಮೊತ್ತವೇ ಬೇರೆ. ಜಾಹೀರಾತಿನಲ್ಲಿ ಹಾಕುವುದು ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ತಲೆಗೆ ಎಷ್ಟು ಅನ್ನೋದನ್ನು. ಒಬ್ಬರೇ ಇದ್ದರೆ ಇನ್ನೊಂದು ಹಾಸಿಗೆಯ ದುಡ್ಡೂ ನಾವೇ ಕೊಡಬೇಕು, ಅದಕ್ಕೆ ಸಿಂಗಲ್ ಸಪ್ಲಿಮೆಂಟ್ ಅಂತಾರೆ. ಕೆಲವು ಕಂಪನಿಗಳು ಅರ್ಧ ಜಾಸ್ತಿ ಹಾಕುತ್ತವೆ, ಕೆಲವು ಪೂರ್ತಿ ಎರಡರಷ್ಟು. ನನಗೆ ಹಾಕಿದ್ದು ಎರಡರಷ್ಟು. ಸಿಕ್ಕಿದ್ದು ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್. ಜೋಡಿಸಿಟ್ಟ ಎರಡು ಮಂಚ, ಮಡಚಿಟ್ಟ ಎರಡು ಟವೆಲ್, ಎರಡು ಲೋಟ, ಕಪಾಟಿನ ಮೇಲ್ಗಡೆ ಎರಡು ಲೈಫ್ ಜಾಕೆಟ್. ಇಷ್ಟರಲ್ಲಿ ಅರ್ಧವನ್ನು ನಾನು ಮುಟ್ಟಲೂ ಇಲ್ಲ.

ಹಡಗಿನವರ ಲೆಕ್ಕ ನನಗೆ ಅರ್ಥವಾಗುತ್ತದೆ. ಕ್ಯಾಬಿನ್‌ಗಳು ಇರುವುದೇ ಇಷ್ಟು, ಇಬ್ಬರು ಬಂದರೆ ಅಂಗಡಿಯಲ್ಲಿ, ಬಾರಿನಲ್ಲಿ ಇಬ್ಬರೂ ಖರ್ಚು ಮಾಡುತ್ತಾರೆ. ಆದರೆ ಟಿಕೆಟ್ಟಿನಲ್ಲಿ ಊಟವೂ ಸೇರಿದೆ, ನಾನು ಉಣ್ಣುವುದು ಒಬ್ಬಳ ಊಟ ಅಲ್ವಾ? ಇದಕ್ಕೆ ದಾರಿಯೇ ಇಲ್ಲ ಅಂತೇನಿಲ್ಲ. 2010ರಲ್ಲಿ ಬಂದ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಒಬ್ಬರಿಗಾಗಿಯೇ 128 ಪುಟ್ಟ ಕ್ಯಾಬಿನ್ ಕಟ್ಟಿದರು, ಒಂದೊಂದೂ ಸುಮಾರು 100 ಚದರಡಿ. ಅದರ ಕಿಟಕಿ ಸಮುದ್ರಕ್ಕಲ್ಲ, ಕಾರಿಡಾರಿಗೆ ತೆರೆಯುತ್ತದೆ. ಇರಲಿ ಬಿಡಿ, ಮಲಗುವುದಕ್ಕೆ ಅಷ್ಟು ಸಾಕು. ಅಲ್ಲಿರುವವರೆಲ್ಲ ಕೂತು ಮಾತಾಡಲು ಬೇರೆ ಲೌಂಜ್ ಕೂಡ ಮಾಡಿಕೊಟ್ಟರು. ಆಮೇಲೆ ಬೇರೆ ಕಂಪನಿಗಳೂ ಕೆಲವು ಹಡಗುಗಳಲ್ಲಿ ಇಂಥ ಕ್ಯಾಬಿನ್ ತಂದವು.

ದುಡ್ಡಿನ ವಿಷಯ ಬಿಟ್ಟರೆ ಪ್ರಯಾಣ ನನಗೆ ತುಂಬಾ ಹಿಡಿಸಿತು. ಹೊರಡುವ ಮೊದಲು ಸುರಕ್ಷತಾ ಡ್ರಿಲ್ ಮಾಡಿಸುತ್ತಾರೆ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲಬೇಕು, ಸಿಬ್ಬಂದಿ ಒಬ್ಬೊಬ್ಬರನ್ನೂ ಗುರುತು ಹಾಕಿಕೊಳ್ಳುತ್ತಾರೆ. ಬೇಜಾರು ಅಂತ ಕೆಲವರು ಗೊಣಗಿದರು. ಒಬ್ಬಳೇ ಇರುವ ನನಗೆ ಮಾತ್ರ ಅದರಿಂದಲೇ ಧೈರ್ಯ ಬಂತು. ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್ ಬಿಟ್ಟು ಗೇಟ್‌ವೇ, ತಾಜ್ ದಾಟಿ, ಕೊಲಾಬಾದ ತುದಿಯ ಪ್ರಾಂಗ್ಸ್ ದೀಪಸ್ತಂಭ ಹಿಂದೆ ಸರಿಯುವವರೆಗೂ ರೇಲಿಂಗ್ ಹಿಡಿದು ನಿಂತೇ ಇದ್ದೆ. ಯಾರೂ ಅವಸರ ಮಾಡುವವರಿರಲಿಲ್ಲ. ರಾತ್ರಿ ಊಟಕ್ಕೆ ‘ಬೇರೆಯವರ ಜೊತೆ ಕೂರಿಸಿ’ ಅಂತ ನಾನೇ ಕೇಳಿದೆ. ಸೊಲ್ಲಾಪುರದ ಒಬ್ಬ ಟೀಚರ್ ಸಿಕ್ಕರು, ಅವರೂ ಒಬ್ಬರೇ, ಕನ್ನಡವೂ ಬರುತ್ತಿತ್ತು. ಗೋವಾದಲ್ಲಿ ಹಡಗು ನಿಲ್ಲುವುದು ಮುರ್ಮಗೋವಾ ಬಂದರಿನಲ್ಲಿ, ಪಣಜಿ ಅಲ್ಲಿಂದ ದೂರ. ಟ್ಯಾಕ್ಸಿಯವನಿಗೆ ಒಬ್ಬರಾದರೂ ನಾಲ್ವರಾದರೂ ಒಂದೇ ದರ. ಹಾಗಾಗಿ ನಾವಿಬ್ಬರೂ ಸೇರಿ ಒಂದೇ ಟ್ಯಾಕ್ಸಿ ಮಾಡಿದೆವು.

ಕೊಂಕಣ ರೈಲು ಬರುವುದಕ್ಕೆ ಎಷ್ಟೋ ಮುಂಚೆ ಮುಂಬೈಯ ಹಳೇ ಹಡಗುಕಟ್ಟೆ ಭಾವೂಚಾ ಧಕ್ಕಾದಿಂದ ರತ್ನಾಗಿರಿ, ಪಣಜಿ ಕಡೆಗೆ ಸ್ಟೀಮರ್ ಓಡುತ್ತಿತ್ತು. ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಹೋದವರು ನಮ್ಮ ಹಿರಿಯರಲ್ಲೂ ಇದ್ದಾರೆ. ಆಗ ತಲೆಗೊಂದು ಟಿಕೆಟ್. ಜೊತೆಗೆ ಯಾರಿದ್ದಾರೆ ಅಂತ ನೋಡಿ ದರ ಹಾಕುತ್ತಿರಲಿಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಇದೇ ಮುಂಬೈಯಲ್ಲಿ ಕ್ರೂಸ್ ಭಾರತ್ ಮಿಷನ್ ಶುರು ಮಾಡಿತು. 2029ರೊಳಗೆ ಕ್ರೂಸ್ ಪ್ರಯಾಣಿಕರನ್ನು ಎರಡರಷ್ಟು ಮಾಡುವ ಗುರಿ ಇದೆ. 2025ರಲ್ಲಿ ಮುಂಬೈಯಲ್ಲಿ ಕ್ರೂಸ್ ಹಡಗುಗಳಿಗೆ ಹೊಸ ಟರ್ಮಿನಲ್ಲೂ ಆಯಿತು. ಇಷ್ಟೆಲ್ಲ ಮಾಡುವಾಗ ಒಬ್ಬರೇ ಬರುವವರನ್ನು ಯಾಕೆ ಲೆಕ್ಕಕ್ಕೆ ಹಿಡಿಯಬಾರದು? ಹೊಸ ಹಡಗು ಬರುವವರೆಗೆ ಕಾಯಬೇಕಾಗಿಲ್ಲ. ಮಾರಾಟವಾಗದೆ ಉಳಿದ ಒಳಗಿನ ಕ್ಯಾಬಿನ್‌ಗಳನ್ನು ಕೊನೆಯ ವಾರದಲ್ಲಿ ಒಬ್ಬರಿಗೆ ಕಮ್ಮಿ ದರಕ್ಕೆ ಕೊಡಲಿ. ಖಾಲಿ ಹೋಗುವುದಕ್ಕಿಂತ ಅದು ಅವರಿಗೂ ಲಾಭ. ಪ್ರವಾಸ ಏರ್ಪಡಿಸುವ ನಮ್ಮ ಕನ್ನಡ ಸಂಘಗಳು ಕ್ಯಾಬಿನ್ ಹಂಚಿಕೊಳ್ಳಲು ಒಪ್ಪುವ ಹೆಂಗಸರ ಹೆಸರು ಬರೆದಿಟ್ಟುಕೊಂಡು ಜೊತೆ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ನಿಮ್ಮಲ್ಲಿ ಒಂದು ಮನವಿ. ಮುಂದೆ ಕ್ರೂಸ್ ಬಗ್ಗೆ ಬರೆಯುವಾಗ ತಲೆಗೆ ಇಷ್ಟು ಅಂತ ಹಾಕುವ ದರದ ಪಕ್ಕದಲ್ಲೇ, ಒಬ್ಬರೇ ಹೋದರೆ ಎಷ್ಟಾಗುತ್ತದೆ ಅನ್ನೋದನ್ನೂ ದಯವಿಟ್ಟು ಹಾಕಿ.

– ಓದುಗಿ, ಡೊಂಬಿವಲಿ