2000 ವ್ಯಾಟ್ ಎಂದು ಮಾರಿದ ರೊಟ್ಟಿ ಹಂಚಿನಲ್ಲಿ 1500 ವ್ಯಾಟಿನ ಕಾಯಿಲ್: ದೂರು ಪತ್ರ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಾನು ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಎರಡು ತಿಂಗಳ ಹಿಂದೆ 6,800 ರೂಪಾಯಿ ಕೊಟ್ಟು ನಿಮ್ಮ ಕಂಪನಿಯ ಕರೆಂಟ್ ಹಂಚು ತಗೊಂಡೆ. ತಳದ ತಗಡಿನ ಮೇಲೆ '230 ವೋಲ್ಟ್, 2000 ವ್ಯಾಟ್' ಅಂತ ಅಚ್ಚು ಹಾಕಿದೆ. ಅದನ್ನು ನಂಬಿಯೇ ಗ್ಯಾಸ್ ಒಲೆ ಬಿಟ್ಟು ಇದಕ್ಕೆ ಬಂದೆ.

ಮೊದಲ ದಿನದಿಂದಲೂ ಹಂಚು ಸರಿಯಾಗಿ ಕಾಯುವುದಿಲ್ಲ. ರೊಟ್ಟಿ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದರೆ ಉಬ್ಬಬೇಕು. ಇದರ ಮೇಲೆ ಮೂರನೇ ರೊಟ್ಟಿಗೇ ಕಾವು ಇಳಿದುಬಿಡುತ್ತದೆ. ಅಂಚು ಒಣಗಿ ಬಿರಿಯುತ್ತದೆ, ನಡುವೆ ಹಸಿ ಉಳಿಯುತ್ತದೆ. ದಂಬಳದಲ್ಲಿ ರೊಟ್ಟಿ ಜಾತ್ರೆಯನ್ನೇ ಮಾಡುವ ಜಿಲ್ಲೆ ನಮ್ಮದು. ಇಂಥ ರೊಟ್ಟಿ ಇಲ್ಲಿ ಯಾರು ತಗೋತಾರೆ? ಒಂದು ಖಾನಾವಳಿಯವರು ಆಗಲೇ ಬೇರೆ ಕಡೆ ಆರ್ಡರ್ ಕೊಟ್ಟಿದ್ದಾರೆ.

ದೂರು ಕೊಟ್ಟ ಮೇಲೆ ನಿಮ್ಮ ಸರ್ವಿಸ್ ಹುಡುಗ ಬಂದ. ಹಂಚು ಮುಟ್ಟಿ ನೋಡಿದ, ಮೀಟರ್ ಹಚ್ಚಲಿಲ್ಲ. "ನಿಮ್ಮ ಕಡೆ ವೋಲ್ಟೇಜ್ ಕಡಿಮೆ, ಒಂದು ಸ್ಟೆಬಿಲೈಸರ್ ತಗೊಳ್ಳಿ" ಅಂತ ಹೇಳಿ ಹೋದ. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಆ ಮಾತನ್ನು ಸುಮ್ನೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ನನ್ನ ಮೈದುನ ಮೋಟಾರ್ ರಿವೈಂಡಿಂಗ್ ಕೆಲಸ ಮಾಡುತ್ತಾನೆ. ಅವನ ಕ್ಲಾಂಪ್ ಮೀಟರ್ (ವೈರನ್ನು ಸುತ್ತ ಹಿಡಿದು ಕರೆಂಟು ಅಳೆಯುವ ಸಾಧನ) ತಂದು ಇಬ್ಬರೂ ಕೂತು ಅಳೆದೆವು. ವೈರಿನ ಎರಡೂ ಎಳೆಗಳನ್ನು ಒಟ್ಟಿಗೆ ಹಿಡಿದರೆ ಕ್ಲಾಂಪ್ ಸೊನ್ನೆ ತೋರಿಸುತ್ತದೆ, ಹೋಗುವ ಕರೆಂಟು ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕುತ್ತವೆ. ಅದಕ್ಕೇ ಅವನು ಒಂದು ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಫೇಸ್ ಎಳೆಯನ್ನು ಬೇರೆ ಮಾಡಿ ತಂದಿದ್ದ. ಹಂಚು ಕಾದು, ಕೆಂಪು ದೀಪ ಇನ್ನೂ ಉರಿಯುತ್ತಿರುವಾಗಲೇ ಅಳೆದೆವು. ಕಾವು ಸಾಕಾದಾಗ ಕರೆಂಟು ತಡೆಯುವ ಥರ್ಮೋಸ್ಟಾಟ್ ಆಗ ಅದನ್ನು ತಡೆದಿತ್ತು ಅಂತ ಆಮೇಲೆ ಯಾರೂ ಹೇಳಬಾರದು.

ಬೆಳಿಗ್ಗೆ ಸಾಕೆಟ್ಟಿನಲ್ಲಿ 228 ವೋಲ್ಟ್, ಕರೆಂಟು 6.4 ಆಂಪಿಯರ್. ಮಧ್ಯಾಹ್ನ 231 ವೋಲ್ಟ್, 6.5 ಆಂಪಿಯರ್. ಸಂಜೆ ಏಳಕ್ಕೆ, ಓಣಿಯಲ್ಲೆಲ್ಲ ದೀಪ ಹತ್ತಿದ ಹೊತ್ತಿನಲ್ಲಿ, 221 ವೋಲ್ಟ್, 6.2 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಹಂಚು ಕಾಯಿಸುವ ತಂತಿಸುರುಳಿ (ಕಾಯಿಲು) ಕರೆಂಟಿಗೆ ಒಡ್ಡುವ ತಡೆ, ಸಿಗುತ್ತದೆ, ಅಲ್ವಾ? ಮೂರು ಹೊತ್ತೂ ಬಂದದ್ದು ಹೆಚ್ಚುಕಡಿಮೆ 35.6 ಓಮ್. ವೋಲ್ಟೇಜ್ ಏರಿತು, ಇಳಿಯಿತು, ರೋಧ ಮಾತ್ರ ಅಲ್ಲೇ ನಿಂತಿತು. ಯಾಕೆಂದರೆ ಅದು ನಮ್ಮ ಲೈನಿನ ಗುಣ ಅಲ್ಲ, ನಿಮ್ಮ ಕಾಯಿಲಿನ ಗುಣ.

ಈಗ ನಿಮ್ಮ ಅಚ್ಚಿನ ಲೆಕ್ಕ ನೋಡಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ಅಷ್ಟು ಕರೆಂಟು ಹರಿಯಬೇಕಾದರೆ ಕಾಯಿಲಿನ ರೋಧ ಸುಮಾರು 26.5 ಓಮ್ ಇರಬೇಕು. ನಮ್ಮದರಲ್ಲಿ ಅದಕ್ಕಿಂತ 9 ಓಮ್ ಜಾಸ್ತಿ ಇದೆ. ರೋಧ ಜಾಸ್ತಿ ಆದರೆ ಕರೆಂಟು ಕಡಿಮೆ, ಕಾವೂ ಕಡಿಮೆ. 228ನ್ನು 6.4ರಿಂದ ಗುಣಿಸಿ, ಬರುವುದು 1,459 ವ್ಯಾಟ್. ಸರಿಯಾಗಿ 230 ವೋಲ್ಟ್ ಕೊಟ್ಟರೂ ಈ ಕಾಯಿಲು 1,486 ದಾಟುವುದಿಲ್ಲ.

ಹೀಗೆ ಲೆಕ್ಕ ಹಾಕುವಾಗಲೇ ನನಗೆ ಒಂದು ವಿಷಯ ಹೊಳೆಯಿತು. ಇದೇ ಹಂಚಿನ 1500 ವ್ಯಾಟಿನ ಮಾದರಿಯೂ ನಿಮ್ಮಲ್ಲಿದೆ, ಬೆಲೆ 900 ರೂಪಾಯಿ ಕಡಿಮೆ. 230 ವೋಲ್ಟಿಗೆ 1500 ವ್ಯಾಟ್ ಬರಬೇಕಾದರೆ ಎಷ್ಟು ರೋಧ ಬೇಕು? 35.3 ಓಮ್. ನಮ್ಮ ಮನೆಯಲ್ಲಿ ಅಳೆದದ್ದಕ್ಕೆ ತೀರಾ ಹತ್ತಿರ. ಚಿಕ್ಕ ಮಾದರಿಯ ಕಾಯಿಲನ್ನು ದೊಡ್ಡದರಲ್ಲಿ ಕೂರಿಸಿದ್ದೀರಿ ಅಂತ ನನಗೆ ಅನ್ನಿಸುತ್ತದೆ. ಕಾರ್ಖಾನೆಯಲ್ಲಿ ಕೈತಪ್ಪಿ ಆಗಿರಬಹುದು. ಆದರೆ ತಪ್ಪು ಅಲ್ಲೇ ಆಗಿದೆ, ನಮ್ಮ ಓಣಿಯಲ್ಲಿ ಅಲ್ಲ.

ವೋಲ್ಟೇಜ್ ಇಳಿದರೆ ಕಾವು ಇಳಿಯುತ್ತದೆ, ನಿಜ. ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ವೋಲ್ಟೇಜ್ ಅರ್ಧ ಆದರೆ ಕಾವು ಕಾಲು ಭಾಗ. ಆದರೆ ಸರಿಯಾದ ಕಾಯಿಲು 1,459 ವ್ಯಾಟಿಗೆ ಇಳಿಯಬೇಕಾದರೆ ನಮ್ಮಲ್ಲಿ 196 ವೋಲ್ಟ್ ಇರಬೇಕಿತ್ತು. ಇನ್ನು ಸ್ಟೆಬಿಲೈಸರ್ ಮಾತು. ಈ ಕಾಯಿಲಿನಿಂದ 2000 ವ್ಯಾಟ್ ಹೊರಡಿಸಲು 267 ವೋಲ್ಟ್ ಬೇಕು! ಸ್ಟೆಬಿಲೈಸರ್ ಇರುವುದು ವೋಲ್ಟೇಜನ್ನು 230ರ ಹತ್ತಿರ ಹಿಡಿದಿಡಲು, 267ಕ್ಕೆ ಏರಿಸಲು ಅಲ್ಲ. ಒಬ್ಬ ಬಡ ಗಿರಾಕಿಗೆ ಸಾವಿರಾರು ರೂಪಾಯಿ ಖರ್ಚು ಹೇಳುವ ಮೊದಲು ನಿಮ್ಮವರು ಇಷ್ಟು ಲೆಕ್ಕ ಮಾಡಬೇಕಿತ್ತು. ನನಗೆ ಜಾಸ್ತಿ ನೋವಾದದ್ದು ಅದಕ್ಕೇ.

ಫೋನಿನಲ್ಲಿ ಮಾತಾಡಿದವರು "ಕಡಿಮೆ ವ್ಯಾಟ್ ಆದರೆ ಬಿಲ್ಲೂ ಕಡಿಮೆ ಬರುತ್ತೆ" ಅಂದರು. ಬರುವುದಿಲ್ಲ. ಒಂದು ರೊಟ್ಟಿ ಬೇಯಲು ಬೇಕಾದ ಕಾವು ಅಷ್ಟೇ. ನಿಧಾನ ಆದಷ್ಟು ಹೊತ್ತು ಹಂಚಿನ ಕಾವು ಗಾಳಿಗೆ ಹೋಗುತ್ತಲೇ ಇರುತ್ತದೆ. ಹೀಗಾಗಿ ಒಂದೊಂದು ರೊಟ್ಟಿಗೂ ಯೂನಿಟ್ಟು ಹೆಚ್ಚೇ ಬೀಳುತ್ತದೆ.

ಮನೆಬಳಕೆಯ ವಿದ್ಯುತ್ ಸಾಧನಗಳ ಸುರಕ್ಷತೆಯ ಭಾರತೀಯ ಮಾನದಂಡ ಐಎಸ್ 302ರ ಪ್ರಕಾರ ಇಷ್ಟು ದೊಡ್ಡ ಹೀಟರ್ ಸಾಧನ ಬರೆದ ವ್ಯಾಟಿಗಿಂತ ಶೇ. 10ರಷ್ಟು ಕಡಿಮೆ ಇದ್ದರೆ ಸರಿ, ಅದಕ್ಕಿಂತ ಇಳಿಯಬಾರದು. ಅಂದರೆ 1,800ಕ್ಕೆ ಇಳಿದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಇಲ್ಲಿ ಕಾಲು ಭಾಗದಷ್ಟು ಕಡಿಮೆ ಇದೆ.

ಆದ್ದರಿಂದ 26.5 ಓಮಿನ ಆಸುಪಾಸಿನ ಕಾಯಿಲು ಹಾಕಿಕೊಡಿ, ಇಲ್ಲವೇ ಹಂಚು ವಾಪಸ್ ತಗೊಂಡು ನನ್ನ 6,800 ರೂಪಾಯಿ ಕೊಡಿ. ಹೊಸ ಕಾಯಿಲು ಹಾಕಿದರೆ ನನ್ನ ಎದುರಿಗೇ ಅಳೆದು ತೋರಿಸಬೇಕು. 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಆಗದಿದ್ದರೆ ಗದಗಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ರಸೀದಿಯ ಪ್ರತಿ, ತಳದ ಅಚ್ಚಿನ ಫೋಟೊ, ಮೂರು ಹೊತ್ತಿನ ಮೀಟರ್ ಫೋಟೊ ಈ ಪತ್ರದ ಜೊತೆ ಇಟ್ಟಿದ್ದೇನೆ.

ಬೆಳಿಗ್ಗೆ ಹನ್ನೊಂದರವರೆಗೆ ರೊಟ್ಟಿ ಕೆಲಸ ಇರುತ್ತದೆ. ಆಮೇಲೆ ಯಾವ ದಿನ ಬಂದರೂ ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಬೆಟಗೇರಿ, ಗದಗ