ಮೊಸರಿಗೆ ಹಾಲಿನ ಪುಡಿ ಹಾಕುವುದನ್ನು ಬಿಟ್ಟಿದ್ದೇವೆ

ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳ ಒಂದನೇ ತಾರೀಖಿನಿಂದ ನಿಮ್ಮ ಮನೆಗೆ ಬರುತ್ತಿರುವ ಮೊಸರು ಮೊದಲಿನಷ್ಟು ಗಟ್ಟಿ ಇಲ್ಲ, ಹುಳಿಯೂ ಒಂದೆಳೆ ಜಾಸ್ತಿ. ನೀರು ಬೆರೆಸಿದ್ದೀರಾ ಎಂದು ಕೆಲವರು ಕೇಳಿದ್ದಾರೆ. ನೀರು ಬೆರೆಸಿಲ್ಲ, ಪುಡಿ ಬೆರೆಸುವುದನ್ನು ನಿಲ್ಲಿಸಿದ್ದೇವೆ. ಇಷ್ಟು ದಿನ ಲೀಟರ್ ಹಾಲಿಗೆ 20 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಹಾಕುತ್ತಿದ್ದೆವು. ಚಮಚ ನೆಟ್ಟಗೆ ನಿಲ್ಲುತ್ತಿದ್ದುದು ಅದರಿಂದ.

ಪುಡಿ ಕಲಬೆರಕೆಯಲ್ಲ, ಅದೂ ಹಾಲೇ. ಆದರೆ ಅದರ ತೂಕದಲ್ಲಿ ಅರ್ಧದಷ್ಟು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಹಸುವಿನ ಹಾಲಿನಲ್ಲಿ ಲೀಟರಿಗೆ 46–48 ಗ್ರಾಂ ಲ್ಯಾಕ್ಟೋಸ್ ಹೇಗೂ ಇರುತ್ತದೆ. ಅದರ ಮೇಲೆ ಪುಡಿಯಿಂದ ಇನ್ನೊಂದು 10 ಗ್ರಾಂ ಸೇರುತ್ತಿತ್ತು.

ಈ ಸಕ್ಕರೆಯನ್ನು ಒಡೆಯುವುದು ಸಣ್ಣ ಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ. ಬಾಲ್ಯ ಕಳೆದಂತೆ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದರೆ ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮತ್ತು ಒಂದಷ್ಟು ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಆ ಆಮ್ಲಗಳು ಕರುಳಿಗೆ ಒಳ್ಳೆಯವೇ. ಲ್ಯಾಕ್ಟೋಸ್ ವಿಪರೀತವಾದಾಗ ಗಾಳಿ ತುಂಬುತ್ತದೆ, ಸಕ್ಕರೆ ನೀರನ್ನೂ ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ಗುಡುಗುಡು, ಭೇದಿ ಆಗುವುದು ಹೀಗೆ. ಲ್ಯಾಕ್ಟೋಸ್ ಒಗ್ಗದ ಬಹುತೇಕ ವಯಸ್ಕರು ಒಂದು ಹೊತ್ತಿಗೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ಹೆಪ್ಪುಗಟ್ಟುವಾಗ ಒಂದಷ್ಟು ಲ್ಯಾಕ್ಟೋಸ್ ಹುಳಿಯಾಗಿ ಕಳೆದು, 150 ಗ್ರಾಂ ಬಟ್ಟಲಿನಲ್ಲಿ ಮೊದಲು ಸುಮಾರು 7 ಗ್ರಾಂ ಉಳಿಯುತ್ತಿತ್ತು, ಈಗ ನಮ್ಮ ಲೆಕ್ಕಕ್ಕೆ 5ರ ಆಸುಪಾಸು. ಒಂದೇ ಬಟ್ಟಲಿಗಾದರೆ ಇದು ಅಂಥ ವ್ಯತ್ಯಾಸವಲ್ಲ. ಎರಡು ಸಲ ಮೊಸರನ್ನ ಕಲಸಿಕೊಂಡು, ಮೇಲೊಂದು ಲೋಟ ಮಜ್ಜಿಗೆ ಕುಡಿಯುವವರಿಗೆ ಗೊತ್ತಾಗುತ್ತದೆ.

ಉಳಿದ 5 ಗ್ರಾಂಗೂ ಮೊಸರಿನಲ್ಲೇ ಉಪಾಯವಿದೆ. ನಮ್ಮ ಹೆಪ್ಪಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಬೀಡು ಬಿಡುವುದಿಲ್ಲ, ಹಾದುಹೋಗುತ್ತವೆ. ಹೋಗುವಾಗ ಸಣ್ಣ ಕರುಳಿನ ಪಿತ್ತರಸಕ್ಕೆ ಅವುಗಳ ಪೊರೆ ಸಡಿಲಗೊಂಡು, ಒಳಗಿನ ಕಿಣ್ವ ಲ್ಯಾಕ್ಟೋಸನ್ನು ಒಡೆಯುತ್ತದೆ. ಇದಾಗಬೇಕಾದರೆ ಅವು ಜೀವಂತ ಇರಬೇಕು. ಕುದಿಸಿದ ಮಜ್ಜಿಗೆ ಹುಳಿ ರುಚಿಗೆ ಸರಿ, ಈ ಲೆಕ್ಕಕ್ಕೆ ಬರುವುದಿಲ್ಲ. ಹಬೆಯಾಡುವ ಅನ್ನಕ್ಕೂ ಮೊಸರು ಸುರಿಯಬೇಡಿ, ಆರಲಿ.

ಪುಡಿ ಇಲ್ಲದೆ ಮೊಸರು ನಿಲ್ಲಬೇಕಾದರೆ ಹಾಲನ್ನೇ ಚೆನ್ನಾಗಿ ಕಾಯಿಸಬೇಕು. ಈಗ 90 ಡಿಗ್ರಿಯಲ್ಲಿ 10 ನಿಮಿಷ ಇಡುತ್ತೇವೆ. ಆ ಶಾಖಕ್ಕೆ ಹಾಲಿನ ತಿಳಿ ನೀರಿನಲ್ಲಿರುವ ಪ್ರೋಟೀನ್, ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್‌ಗೆ ಅಂಟಿಕೊಂಡು ನೀರು ಹಿಡಿದಿಡುತ್ತದೆ. 43 ಡಿಗ್ರಿಗೆ ಆರಿಸಿ, ಲೀಟರಿಗೆ 20 ಗ್ರಾಂ ಹೆಪ್ಪು ಹಾಕಿ ಕಪ್ಪಿಗೆ ತುಂಬುತ್ತೇವೆ. ಮೊದಲು ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಜಾಸ್ತಿ) 4.7ಕ್ಕೇ ತಣ್ಣನೆಯ ಕೋಣೆಗೆ ಸಾಗಿಸುತ್ತಿದ್ದೆವು, ಈಗ 4.5 ಆಗುವವರೆಗೆ ಕಾಯುತ್ತೇವೆ. ಹೆಚ್ಚಿನ ಹುಳಿಗೆ ಕಾರಣ ಇದೇ.

ಮೇಲೆ ತಿಳಿ ನೀರು ನಿಂತರೆ ಮೊಸರು ಕೆಟ್ಟಿದೆ ಎಂದಲ್ಲ. ಪೂರ್ತಿ ತಣಿಯುವ ಮೊದಲು ಕಪ್ ಅಲುಗಿದರೆ ಹಾಗಾಗುತ್ತದೆ. ಆಲ್ದೂರು, ಬಾಳೆಹೊನ್ನೂರು ಕಡೆಯ ತಿರುವುಗಳಲ್ಲಿ ಇದೇ ತಾಪತ್ರಯ. ಆ ದಾರಿಯ ಕಪ್ಪುಗಳನ್ನು ಇನ್ನು ರಾತ್ರಿಯಿಡೀ 5 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ಕಳಿಸುತ್ತೇವೆ. ತಿಳಿಯನ್ನು ಚಪಾತಿ ಹಿಟ್ಟಿಗೆ ಹಾಕಿ. ಮೊಸರುವಡೆಗೆ ಗಟ್ಟಿ ಬೇಕೆನ್ನುವ ಹೋಟೆಲಿನವರು ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿಡಿ. ಮುಚ್ಚಳ ಉಬ್ಬಿದ್ದರೆ ಅಥವಾ ಬೂಷ್ಟು ಕಂಡರೆ ಮಾತ್ರ ತಿನ್ನದೆ ಹಿಂದಿರುಗಿಸಿ. ಮಳೆಗಾಲದಲ್ಲಿ ಹಸುಗಳು ಎಳೆ ಹುಲ್ಲನ್ನೇ ಮೇಯುವುದರಿಂದ ಹಾಲಿನ ಜಿಡ್ಡು ಇಳಿಯುತ್ತದೆ, ಮೊಸರೂ ಇನ್ನಷ್ಟು ಮೆತ್ತಗಾಗುತ್ತದೆ. ಇಷ್ಟು ದಿನ ಪುಡಿ ಅದನ್ನು ಮುಚ್ಚಿಡುತ್ತಿತ್ತು.

ಇದೇ ಮೊಸರಿನಿಂದ ಮನೆಯಲ್ಲಿ ಹೆಪ್ಪು ಹಾಕುವವರು ಲೀಟರಿಗೆ ಎರಡು ಟೀ ಚಮಚ ಹಾಕಿದರೆ ಸಾಕು. ಹಾಲಿನಲ್ಲಿ ಅದ್ದಿದ ಬೆರಳನ್ನು ಹತ್ತು ಎಣಿಸುವಷ್ಟು ಹೊತ್ತು ಇಡಲು ಆಗಬೇಕು, ಬಿಸಿಯೂ ತಾಗಬೇಕು. ಇಲ್ಲಿಯ ಆಷಾಢದ ಥಂಡಿಯಲ್ಲಿ ಪಾತ್ರೆ ಬೇಗ ಆರಿ, ಬೇರೆ ಜಾತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಮೊಸರು ಲೋಳೆಯಾಗುತ್ತದೆ. ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗಿಡಿ.

ಇನ್ನು ತುಪ್ಪದ ವಿಷಯ. ಅದರಲ್ಲಿರುವ ಬ್ಯುಟಿರಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ ದೊಡ್ಡ ಕರುಳಿಗೆ ಒಳ್ಳೆಯದು ಎನ್ನುವ ಮಾತಿದೆ. ದೊಡ್ಡ ಕರುಳಿನ ಒಳಪದರಕ್ಕೆ ಬ್ಯುಟಿರಿಕ್ ಆಮ್ಲ ಆಹಾರ ಎಂಬುದು ನಿಜ, ತುಪ್ಪದಲ್ಲಿ ಅದು ಇರುವುದೂ ನಿಜ. ಆದರೆ ತುಪ್ಪದ್ದು ಮೇಲೆಯೇ ಜೀರ್ಣವಾಗಿ ಹೋಗುತ್ತದೆ. ದೊಡ್ಡ ಕರುಳಿಗೆ ಬೇಕಾದದ್ದನ್ನು ಅಲ್ಲಿಯ ಬ್ಯಾಕ್ಟೀರಿಯಾಗಳೇ ನಾರಿನಿಂದ ಮಾಡಿಕೊಳ್ಳುತ್ತವೆ. ರಾಗಿ, ಹುರುಳಿ, ಅವರೆಕಾಳು ಅದಕ್ಕೆ. ನಾವೇ ತುಪ್ಪ ಮಾರುತ್ತೇವಾದರೂ ಆ ಹೆಸರಿನಲ್ಲಿ ಮಾರುವುದಿಲ್ಲ.

ಹಾಲಿನ ಅಲರ್ಜಿ ಇರುವವರಿಗೆ ಈ ಬದಲಾವಣೆಯಿಂದ ಏನೂ ಪ್ರಯೋಜನವಿಲ್ಲ. ಅಲರ್ಜಿ ಬರುವುದು ಪ್ರೋಟೀನಿಗೆ, ಅದು ಇದ್ದೇ ಇದೆ. ವರ್ಷ ತುಂಬದ ಮಗುವಿಗೆ ಎದೆಹಾಲಿನ ಬದಲು ಹಸುವಿನ ಹಾಲು ಕೊಡಬೇಡಿ. ಮಗುವಿನ ಕರುಳಿಗೆ ಒಳ್ಳೆಯದಾದ ಬೈಫಿಡೋ ಬ್ಯಾಕ್ಟೀರಿಯಾವನ್ನು ಸಾಕುವ ವಿಶೇಷ ಸಕ್ಕರೆಗಳು ತಾಯಿಯ ಹಾಲಿನಲ್ಲಿ ಲೀಟರಿಗೆ 5ರಿಂದ 15 ಗ್ರಾಂ ಇರುತ್ತವೆ, ಹಸುವಿನ ಹಾಲಿನಲ್ಲಿ ಹೆಸರಿಗಷ್ಟೇ.

ಬೆಲೆ ಬದಲಾಗಿಲ್ಲ. ಕಪ್ಪಿನ ಮೇಲಿನ ಗಡುವು 10 ದಿನದಿಂದ 7ಕ್ಕೆ ಇಳಿದಿದೆ. ಹುಳಿ ಬೇಡ ಎನ್ನುವವರು ಬಂದ ದಿನ, ಮಾರನೆಯ ದಿನ ಮುಗಿಸಿಬಿಡಿ.

ಇಂತಿ,
ಮೊಸರು ವಿಭಾಗ
ಹಾಲಿನ ಡೇರಿ, ಚಿಕ್ಕಮಗಳೂರು