ಸಂಗುಗೆ ಪತ್ರ: ಎಸಿ ಆಮೇಲೆ, ಮೊದಲು ನೇರ ಬಸ್

ದೋಸ್ತ ಸಂಗು,

"ಎಸಿ ಬಸ್ ಬಿಡಲಿ, ನಾಳೆಯೇ ಕಾರು ಬಿಟ್ಟು ಬಸ್ ಹತ್ತುತ್ತೀನಿ" ಅಂತ ಬರೆದಿದ್ದೀಯ. ನನಗೇನೋ ನಂಬಿಕೆ ಇಲ್ಲ. ಬೆಳಗಾವಿಯ ತಣ್ಣನೆ ಹವೆಗೆ ಎಸಿ ಯಾಕಪ್ಪಾ? ನಿನಗೆ ಬೇಜಾರು ಸೆಕೆಯದಲ್ಲ, ಕಾಯುವುದರದು.

ಲೆಕ್ಕ ಹಾಕಿ ನೋಡು. ನಿಮ್ಮ ಮಹಾಂತೇಶ ನಗರದಿಂದ ಸಿಬಿಟಿಗೆ (ಕೇಂದ್ರ ಬಸ್ ನಿಲ್ದಾಣಕ್ಕೆ) ಒಂದು ಬಸ್, ಅಲ್ಲಿಂದ ಫ್ಯಾಕ್ಟರಿಗಳಿರುವ ಉದ್ಯಮಬಾಗಕ್ಕೆ ಇನ್ನೊಂದು. ಎರಡೂ 40 ನಿಮಿಷಕ್ಕೊಂದು ಅಂತಿಟ್ಟುಕೋ. ಸರಾಸರಿ 20 ನಿಮಿಷದಂತೆ ಎರಡು ಸಲ ಕಾದರೆ ನಿಂತಲ್ಲೇ 40 ನಿಮಿಷ ಹೋಯಿತು. ಅಷ್ಟರಲ್ಲಿ ಕಾರಿನವನು ಫ್ಯಾಕ್ಟರಿ ಮುಟ್ಟಿ ಚಹಾನೂ ಕುಡಿದಿರುತ್ತಾನೆ. ಅದೇ ನೇರ ಬಸ್ 10 ನಿಮಿಷಕ್ಕೊಂದು ಬಂದರೆ? ಕಾಯುವುದು ಬರೀ 5 ನಿಮಿಷ.

ಇದಕ್ಕೆ ಬಸ್ ಜಾಸ್ತಿ ಬೇಕು, ನಿಜ. ಆದರೆ ಇರುವ ಬಸ್ಸುಗಳನ್ನೇ ಬೇರೆ ರೀತಿ ಓಡಿಸಬಹುದು ಅಲ್ವಾ? ನಿಮ್ಮ ಕಡೆಯಿಂದ ಬಂದ ಬಸ್ ಸಿಬಿಟಿಯಲ್ಲಿ ಜನರನ್ನು ಇಳಿಸಿ ವಾಪಸ್ ತಿರುಗುವ ಬದಲು, ಚನ್ನಮ್ಮ ಸರ್ಕಲ್, ಗೋಗಟೆ ಸರ್ಕಲ್, ಆರ್‌ಪಿಡಿ ಕ್ರಾಸ್ ದಾಟಿ ಸೀದಾ ಉದ್ಯಮಬಾಗಕ್ಕೆ ಹೋಗಲಿ. ನಿಲ್ದಾಣದಲ್ಲಿ ಸುಮ್ನೆ ನಿಲ್ಲುವ ಹೊತ್ತು ಉಳಿದರೆ ಅದರಲ್ಲೇ ಇನ್ನೊಂದು ಟ್ರಿಪ್ ಹೊಡೆಯಬಹುದು. ಓಣಿ ಓಣಿ ಸುತ್ತುವ ಬಸ್ಸುಗಳೂ ಇರಲಿ. ವಯಸ್ಸಾದವರಿಗೆ ಅವು ಬೇಕೇ ಬೇಕು. ಆದರೆ ಕೆಲಸಕ್ಕೆ ಹೋಗುವವರನ್ನು ಅದರಲ್ಲಿ ಊರೆಲ್ಲ ತಿರುಗಿಸಬಾರದು.

ಟಿಕೆಟ್ ದರದ ಮಾತು ಬಿಡು. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ. ಆದರೂ ವೈನಿ ಸ್ಕೂಟಿ ಬಿಟ್ಟಿದ್ದಾರಾ?

ಹುಬ್ಬಳ್ಳಿ-ಧಾರವಾಡದಲ್ಲಿ 2018ರಿಂದ ಬಿಆರ್‌ಟಿಎಸ್‌ನ ಚಿಗರಿ ಬಸ್ ಓಡುತ್ತಿದೆ. (ಅದರಲ್ಲಿ ಎಸಿ ಇದೆ, ಒಪ್ಪಿದೆ ಮಾರಾಯಾ!) ಅದರ ನಿಜವಾದ ಬಲ ಬಸ್ಸಿಗೇ ಬಿಟ್ಟಿರುವ ದಾರಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಗೋಜಿಲ್ಲ. ನಮ್ಮ ಖಡೇಬಜಾರಿನಲ್ಲಿ ಅಷ್ಟು ಜಾಗ ಎಲ್ಲಿ? ಆದರೆ ಖಾನಾಪುರ ರಸ್ತೆಯಲ್ಲಿ, ತೀರಾ ಗದ್ದಲ ಇರುವ ಕಡೆ, ಬೆಳಿಗ್ಗೆ ಸಂಜೆ ಎರಡು ಗಂಟೆ ಒಂದು ಪಕ್ಕ ಬಸ್ಸಿಗೆ ಬಿಡಬಹುದು. ಕಾರಿನವರು ಬೈಯುತ್ತಾರೆ. ನೀನೇ ಮೊದಲು ಬೈತೀಯ.

ಇನ್ನೊಂದು ಮಾತು. ಬೆಳಿಗ್ಗೆ ಬಸ್ ಹಿಡಿಯುವ ಧೈರ್ಯ ಬರಬೇಕಾದರೆ ರಾತ್ರಿ ವಾಪಸ್ ಬರುವ ಬಸ್ ಗ್ಯಾರಂಟಿ ಇರಬೇಕು. ಫೌಂಡ್ರಿಗಳಲ್ಲಿ ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಬಸ್ ನಿಂತಿರಬೇಕು. ನಿಮ್ಮ ಫ್ಯಾಕ್ಟರಿಯ ಶಿಫ್ಟ್ ಟೈಮ್‌ಗಳನ್ನು ಬರೆದು ಕಳಿಸು. ನಾವೊಂದಿಷ್ಟು ಜನ ಸೇರಿ ಡಿಪೋಗೆ ಅರ್ಜಿ ಕೊಡುವವರಿದ್ದೇವೆ. ನಿನ್ನ ಸಹಿಯೂ ಬೇಕು.

ನಿನ್ನ,
ಶಿವು